ಆಮಂತ್ರಣದ ‘ತ್ರ’ ಒಡೆದವರು ಯಾರು?

(ಪರದೆ ಮೇಲೆ: ಗೃಹಪ್ರವೇಶದ ಆಮಂತ◆◆ರಣ)

ಇದು ನನಗೇ ಬಂದ ಇ-ಮೇಲ್ ಒಂದರ ಸಬ್ಜೆಕ್ಟ್ ಸಾಲು. ‘ತ್ರ’ ಇರಬೇಕಾದ ಕಡೆ ಕಪ್ಪು ಡೈಮಂಡ್, ಅದರ ಹೊಟ್ಟೆಯಲ್ಲಿ ಪ್ರಶ್ನಾರ್ಥಕ ಚಿಹ್ನೆ. ಕಳಿಸಿದವರು ಸರಿಯಾಗೇ ಟೈಪ್ ಮಾಡಿದ್ದರು. ಹಾಗಾದರೆ ತ್ರ ಒಡೆದವರು ಯಾರು?

ಬೇಸಿಕ್ಸ್ ಬೇಗ ಮುಗಿಸೋಣ. ಆರ್‌ಎಫ್‌ಸಿ 5322 ಅನ್ನೋ ನಿಯಮದ ಪ್ರಕಾರ ಮೇಲ್‌ನ ಒಂದು ಸಾಲು 78 ಅಕ್ಷರದೊಳಗಿದ್ದರೆ ಒಳ್ಳೆಯದು, 998 ಅಂತೂ ದಾಟಲೇಬಾರದು. ಸಬ್ಜೆಕ್ಟ್ ಇನ್ನೂ ಉದ್ದ ಇದ್ದರೆ? ಸೀರೆಗೆ ಮಾಡುವುದನ್ನೇ ಮಾಡಬೇಕು, ನೆರಿಗೆ ಹಿಡಿಯಬೇಕು. ಸಾಲು ಮುರಿದು, ಮುಂದಿನ ಸಾಲನ್ನು ಸ್ಪೇಸ್‌ನಿಂದ ಶುರು ಮಾಡುತ್ತಾರೆ. ಓದುವ ಆ್ಯಪ್ ನೆರಿಗೆ ಬಿಡಿಸಿ ತೋರಿಸುತ್ತದೆ.

ಇಂಗ್ಲಿಷಿಗೆ ಇಷ್ಟು ಸಾಕು. ಆದರೆ ಹಳೇ ಮೇಲ್ ವ್ಯವಸ್ಥೆಗೆ ಕನ್ನಡ ಗೊತ್ತಿರಲಿಲ್ಲ. ಅದಕ್ಕೇ 1996ರ ಆರ್‌ಎಫ್‌ಸಿ 2047 ಒಂದು ಉಪಾಯ ಹೇಳಿತು: ಕನ್ನಡಕ್ಕೆ ಇಂಗ್ಲಿಷ್ ಅಕ್ಷರಗಳ ವೇಷ ಹಾಕಿ ಕಳಿಸಿ. ಆ ವೇಷದ ಹೆಸರು ಬೇಸ್64.

ನನಗೆ ಹುಚ್ಚು ಹಿಡಿಸಿದ್ದು ಇದೇ. ಯುಟಿಎಫ್-8ರಲ್ಲಿ (ಕಂಪ್ಯೂಟರ್ ಅಕ್ಷರಗಳನ್ನು ಬೈಟ್ ಆಗಿ ಬರೆದಿಡುವ ಪದ್ಧತಿ) ಕನ್ನಡದ ಒಂದೊಂದು ಗುರುತಿಗೂ 3 ಬೈಟ್. ಅಕ್ಷರ, ಕೊಂಬು, ಅಕ್ಷರ ಜೋಡಿಸುವ ಹಲಂತ, ಎಲ್ಲವೂ ಬೇರೆ ಬೇರೆ ಗುರುತು. ಬೇಸ್64 ಆ 3 ಬೈಟನ್ನು 4 ಅಕ್ಷರ ಮಾಡುತ್ತದೆ. ‘ನ’ ಅಂದರೆ 4-ಎಲ್-ಕೆ-ಓ. ‘ಮ’ ಅಂದರೆ 4-ಎಲ್-ಕೆ-ಯು. ‘ಕ’ ಅಂದರೆ 4-ಎಲ್-ಕೆ-ವಿ. ಗಮನಿಸಿದ್ರಾ? ನಾವು ದಿನಾ ಬರೆಯುವ ಅ ಇಂದ ಳ ತನಕ ಎಲ್ಲಕ್ಕೂ ಒಂದೇ ಇನಿಷಿಯಲ್, 4-ಎಲ್-ಕೆ! ಕೊಂಬು, ಏತ್ವ, ಹಲಂತದಂಥವುಗಳದ್ದು ಮಾತ್ರ 4-ಎಲ್-ಓ. ಅವು ದಾಯಾದಿಗಳು ಅಂದುಕೊಳ್ಳಿ. ನಡುವೆ ಸ್ಪೇಸ್ ಬಂದರೆ ಈ ಚಂದವೆಲ್ಲ ಕೆಡುತ್ತದೆ, ಯಾಕಂದ್ರೆ ಸ್ಪೇಸ್ ಒಂದೇ ಬೈಟ್. ಅಲ್ಲೇ ಇರೋದು ನಮ್ಮ ಕಳ್ಳ.

ಉದ್ದದ ಸಬ್ಜೆಕ್ಟನ್ನು ಪೊಟ್ಟಣ ಪೊಟ್ಟಣ ಮಾಡಿ ಕಳಿಸುತ್ತಾರೆ. ವೇಷದ ಒಂದು ಪೊಟ್ಟಣ 75 ಅಕ್ಷರ ಮೀರಬಾರದು. ಸುತ್ತುವ ಕಾಗದಕ್ಕೇ, ಅಂದರೆ ‘ಇದು ವೇಷ’ ಅಂತ ಹೇಳುವ ಚಿಹ್ನೆಗಳಿಗೇ, 12 ಹೋಗುತ್ತದೆ. ಉಳಿದದ್ದರಲ್ಲಿ ಹಿಡಿಯೋದು 45 ಬೈಟ್. ಈಗ ಎಣಿಸಿ. ‘ಗೃಹಪ್ರವೇಶದ’ 10 ಗುರುತು, 30 ಬೈಟ್. ಸ್ಪೇಸ್ ಸೇರಿ 31. ‘ಆಮಂತ’ ಸೇರಿ 43. ಮುಂದೆ ಬರಬೇಕಾದ್ದು ತ್ರದ ನಡುವಿನ ಹಲಂತ ಚಿಹ್ನೆ. ಅದಕ್ಕೆ ಬೇಕು 3, ಇರೋದು 2.

ಇಂಥ ಕಡೆ ಇಡೀ ಗುರುತನ್ನೇ ಮುಂದಿನ ಪೊಟ್ಟಣಕ್ಕೆ ಹಾಕಬೇಕು, ಒಡೆಯಬಾರದು ಅಂತ 2047ರಲ್ಲೇ ಇದೆ. ಕಳಿಸಿದ ಸಾಫ್ಟ್‌ವೇರ್ ಸುಮ್ನೆ 45ಕ್ಕೆ ಕತ್ತರಿ ಹಾಕಿತು. ನೆರಿಗೆ ಹಿಡಿ ಅಂದರೆ ಸೀರೆಯನ್ನೇ ಹರಿದ ಹಾಗೆ! ನನ್ನ ಆ್ಯಪ್ ಪೊಟ್ಟಣಗಳನ್ನು ಬೇರೆ ಬೇರೆ ಬಿಚ್ಚಿತು. ಎರಡು ಚೂರೂ ಅರ್ಥವಾಗದೆ ಎರಡು ಡೈಮಂಡ್ ಇಟ್ಟಿತು. ಕೆಲವು ಆ್ಯಪ್‌ಗಳು ಚೂರುಗಳನ್ನು ಮೊದಲು ಜೋಡಿಸಿ ಆಮೇಲೆ ಓದುತ್ತವೆ. ಅದಕ್ಕೇ ‘ನನ್ನ ಫೋನಲ್ಲಿ ಸರಿಯಾಗೇ ಇದೆಯಲ್ಲ’ ಅನ್ನೋ ಜಗಳ.

ಟೈಮ್ ಜಾಸ್ತಿ ಆಯ್ತು, ಉಳಿದದ್ದು ಒಂದೇ ಉಸಿರಿಗೆ. 78 ಬಂದದ್ದು ಹಳೇ 80 ಕಾಲಂ ಪರದೆಗಳಿಂದ. ಇನ್‌ಬಾಕ್ಸಲ್ಲಿ ಸಬ್ಜೆಕ್ಟ್ ಚುಕ್ಕಿ ಚುಕ್ಕಿಯಾಗಿ ನಿಲ್ಲೋದು ಪರದೆ ಅಗಲದ ಸಮಸ್ಯೆ, ನಿಯಮದ್ದಲ್ಲ. ವೇಷವಿಲ್ಲದೆ ನೇರ ಕನ್ನಡ ಕಳಿಸಲು 2012ರಲ್ಲೇ ಹೊಸ ನಿಯಮ ಬಂದಿದೆ. ಆದರೆ ದಾರಿಯಲ್ಲಿರುವ ಸರ್ವರ್‌ಗಳೆಲ್ಲ ಒಪ್ಪಬೇಕಲ್ವಾ?

ಯಾವುದಾದರೂ ಕನ್ನಡ ಸಬ್ಜೆಕ್ಟ್ ಇರುವ ಮೇಲನ್ನು ಜಿಮೇಲ್ ವೆಬ್‌ನಲ್ಲಿ ತೆಗೆದು ‘ಶೋ ಒರಿಜಿನಲ್’ ಒತ್ತಿ. ಸಬ್ಜೆಕ್ಟ್ ಸಾಲಿನಲ್ಲಿ 4-ಎಲ್-ಕೆ ಎಷ್ಟು ಸಲ ಬಂದಿದೆ, ಎಣಿಸಿ ನೋಡಿ.