ಕ್ರಾಕೋವ್‌ನಲ್ಲಿ ಸೇವಂತಿಗೆ ಕಾಲ

"ಪೋಲೆಂಡಿನ ಜನ ಯಾಕೆ ನಗೋದೇ ಇಲ್ಲ?" ನನಗೆ ಜಾಸ್ತಿ ಬರುವ ಪ್ರಶ್ನೆ ಇದೇ. ಈಗ ವಿಡಿಯೋದಲ್ಲಿ ನೋಡುತ್ತಿದ್ದೀರಲ್ಲ, ಇದು ಪೋಲೆಂಡಿನ ಕ್ರಾಕೋವ್ ಊರಿನ ಬೆಳಗಿನ ಟ್ರ್ಯಾಮ್. ಕಾಲಿಡಲು ಜಾಗವಿಲ್ಲ, ಆದರೂ ಒಂದು ಮಾತಿಲ್ಲ. ಫೋನಿನಲ್ಲಿ ಸ್ವಲ್ಪ ಜೋರಾಗಿ ಮಾತಾಡಿದರೂ ಸುತ್ತಲಿನವರು ತಿರುಗಿ ನೋಡುತ್ತಾರೆ. ಅಂಗಡಿಯ ಗಲ್ಲಾದಲ್ಲಿ ಕೂತವರು ಮುಖ ಎತ್ತದೆ ಚಿಲ್ಲರೆ ಕೇಳುತ್ತಾರೆ. ಹೊಸದಾಗಿ ಬಂದವರಿಗೆ ಮನಸ್ಸಿಗೆ ನಾಟುತ್ತದೆ, ಸುಳ್ಳಲ್ಲ.

ಆದರೆ ಇದೇ ಜನ ಲಿಫ್ಟಿನೊಳಗೆ ಬಂದ ಕೂಡಲೇ ಗುರುತಿಲ್ಲದವರಿಗೂ "ಜೆನ್ ದೋಬ್ರಿ", ಅಂದರೆ ನಮಸ್ಕಾರ, ಅನ್ನುತ್ತಾರೆ. ಡಾಕ್ಟರ್ ಹತ್ತಿರ ಹೋದಾಗಲೂ ಅಷ್ಟೇ. ಕಾಯುತ್ತಾ ಕೂತಿರುವ ಎಲ್ಲರಿಗೂ ಸೇರಿಸಿ ಒಂದು ನಮಸ್ಕಾರ ಹೇಳಬೇಕು. ಸುಮ್ನೆ ಹೋಗಿ ಕುರ್ಚಿ ಹಿಡಿದರೆ ಅದು ಮರ್ಯಾದೆ ಅಲ್ಲ. ಅದಕ್ಕೇ ಹೇಳುವುದು, ಇಲ್ಲಿನವರ ಮುಖ ನೋಡಿ ತೀರ್ಮಾನ ಮಾಡಬೇಡಿ. ಅವರು ಏನು ಮಾಡುತ್ತಾರೆ ಅನ್ನುವುದನ್ನು ನೋಡಿ.

ಭಾನುವಾರದ ವಿಷಯ ಬೇಗ ಹೇಳಿಬಿಡುತ್ತೇನೆ. 2018ರಿಂದ ಹಂತಹಂತವಾಗಿ ಭಾನುವಾರದ ವ್ಯಾಪಾರ ನಿಲ್ಲಿಸಿದ್ದಾರೆ. ದೊಡ್ಡ ಅಂಗಡಿಗಳು ತೆರೆಯುವುದು ವರ್ಷದ ಕೆಲವೇ ಭಾನುವಾರ. ಮಾಲೀಕರೇ ಗಲ್ಲಾದಲ್ಲಿ ನಿಂತರೆ ಚಿಕ್ಕ ಅಂಗಡಿ ತೆರೆಯಬಹುದು. ಹಾಲು, ತರಕಾರಿ ಶನಿವಾರವೇ ತಂದಿಟ್ಟುಕೊಳ್ಳಿ.

ಈಗ ಈ ಹೂವು ನೋಡಿ. ಅಕ್ಟೋಬರ್ ಕೊನೆಗೆ ಊರ ತುಂಬ ಸೇವಂತಿಗೆ! ಹಳದಿ, ಬಿಳಿ, ನೇರಳೆ, ಎಲ್ಲ ಕುಂಡದಲ್ಲಿ. ನಮಗೆ ಅದು ದೀಪಾವಳಿಯ ಹೊತ್ತು, ಲಕ್ಷ್ಮೀಪೂಜೆಗೆ ಸೇವಂತಿಗೆ ಬೇಕೇ ಬೇಕು. ಇಲ್ಲಿ ಅದು ಸಮಾಧಿಯ ಹೂವು. ಯಾರ ಮನೆಗಾದರೂ ಹೋಗುವಾಗ ಸೇವಂತಿಗೆ ಮಾತ್ರ ಒಯ್ಯಬೇಡಿ. ಬೇರೆ ಹೂವಾದರೂ ಬೆಸ ಸಂಖ್ಯೆಯಲ್ಲೇ ಕೊಡಬೇಕು, ಸಮಸಂಖ್ಯೆ ಸಾವಿಗೆ.

ನವೆಂಬರ್ 1 ಸರ್ವಸಂತರ ದಿನ, ಸರ್ಕಾರಿ ರಜೆ. ಆವತ್ತು ಇಡೀ ದೇಶ ತಮ್ಮವರ ಸಮಾಧಿಗೆ ಹೋಗುತ್ತದೆ. ಆದರೆ ನಿಜವಾದ ಕೆಲಸ ಅದಕ್ಕೂ ಮೊದಲೇ ಶುರು. ನಮ್ಮ ಪಕ್ಕದ ಮನೆಯ ಅಜ್ಜಿ ಒಂದು ಮಧ್ಯಾಹ್ನ ಬಕೆಟ್ಟು, ಬ್ರಷ್ಷು ಹಿಡಿದು ಹೊರಟಿದ್ದರು. ನೀರು ಹೊರಲು ನಾನೂ ಜೊತೆಗೆ ಹೋದೆ. ಮುಖ ತೋರಿಸುವುದು ಬೇಡ ಅಂದಿದ್ದಾರೆ, ಕೈ ಮಾತ್ರ ನೋಡಿ. ಗಂಡನ ಸಮಾಧಿ ಅದು. ಮೊದಲು ಒಣಗಿದ ಎಲೆ ಗುಡಿಸಿದರು. ಸೋಪಿನ ನೀರು ಹಾಕಿ ಕಲ್ಲು ತಿಕ್ಕಿದರು. ಆಮೇಲೆ ಜೇಬಿನಿಂದ ಹಳೇ ಹಲ್ಲುಜ್ಜುವ ಬ್ರಷ್ ತೆಗೆದು, ಕೆತ್ತಿದ ಹೆಸರಿನ ಒಂದೊಂದೇ ಅಕ್ಷರದಿಂದ ಪಾಚಿ ಬಿಡಿಸಿದರು. ಆ ಚಳಿಯಲ್ಲಿ ಬೆರಳು ಕೆಂಪಾಗಿದ್ದವು. ನಾನು ಮಾಡುತ್ತೇನೆ ಅಂದರೂ ಬ್ರಷ್ ಕೊಡಲಿಲ್ಲ.

ಇದು ರಾಕೊವಿಟ್ಸ್ಕಿ ಸ್ಮಶಾನ. 1803ರಲ್ಲಿ ಶುರುವಾದದ್ದು. ನೊಬೆಲ್ ಪಡೆದ ಕವಿ ವಿಸ್ವಾವಾ ಶಿಂಬೋರ್ಸ್ಕಾ ಇಲ್ಲೇ ಇದ್ದಾರೆ. ನವೆಂಬರ್ 1ಕ್ಕೆ ಇಲ್ಲಿಗೆ ಟ್ರ್ಯಾಮ್, ಬಸ್ಸು ಜಾಸ್ತಿ ಬಿಡುತ್ತಾರೆ. ಸಂಜೆ ನಾಲ್ಕೂಕಾಲಿಗೆಲ್ಲ ಸೂರ್ಯ ಮುಳುಗುತ್ತಾನೆ. ಆಮೇಲೆ ಕಾಣುವುದೆಲ್ಲ ಝ್ನಿಚ್, ಅಂದರೆ ಗಾಜಿನ ಕುಡಿಕೆಯಲ್ಲಿ ಉರಿಯುವ ಮೇಣದ ದೀಪ. ಮಳೆ ಗಾಳಿಗೆ ಆರಬಾರದೆಂದು ಮೇಲೊಂದು ಮುಚ್ಚಳ. ಅಜ್ಜಿ ಎರಡು ದೀಪ ಜಾಸ್ತಿ ತಂದಿದ್ದರು. ಪಕ್ಕದಲ್ಲಿ ಯಾರೂ ಬಾರದ, ಹೆಸರು ಅಳಿಸಿಹೋದ ಒಂದು ಸಮಾಧಿ ಇದೆ. ಅಲ್ಲೊಂದು ಇಟ್ಟರು. ಇನ್ನೊಂದನ್ನು ನನ್ನ ಕೈಗೆ ಕೊಟ್ಟು, "ನಿಮ್ಮವರಿಗೆ" ಅಂದರು. ನಾನು ನಮ್ಮ ತಾತನನ್ನು ನೆನೆದು ಹಚ್ಚಿದೆ.

ಗೇಟಿನ ಹೊರಗೆ ಮ್ಯೊದೆಕ್ ತುರೆಟ್ಸ್ಕಿ ಮಾರುತ್ತಾರೆ. ಸಕ್ಕರೆ ಪಾಕಕ್ಕೆ ಬೀಜ ಹಾಕಿ ಗಟ್ಟಿ ಮಾಡಿದ ಮಿಠಾಯಿ, ಹೆಚ್ಚುಕಡಿಮೆ ನಮ್ಮ ಚಿಕ್ಕಿಯ ಹಾಗೆ. ಈ ಹಬ್ಬಕ್ಕೆ ಕ್ರಾಕೋವ್ ಸ್ಮಶಾನಗಳ ಬಳಿ ಇದು ಸಿಗಲೇಬೇಕು. ಸ್ಮಶಾನಕ್ಕೆ ಹೋಗಿ ಮಿಠಾಯಿ ತಿನ್ನುವುದಾ ಅಂತ ನಮ್ಮಮ್ಮ ಫೋನಿನಲ್ಲಿ ಕೇಳಿದರು. ಇಲ್ಲಿನ ಮಕ್ಕಳು ಇದರ ಆಸೆಗೇ ಅಜ್ಜ ಅಜ್ಜಿಯರ ಜೊತೆ ಬರುತ್ತಾರೆ, ಬಂದಾಗ ಮನೆತನದ ಹೆಸರುಗಳೆಲ್ಲ ಕಿವಿಗೆ ಬೀಳುತ್ತವೆ. ನನಗಂತೂ ಒಳ್ಳೆಯದೇ ಅನಿಸಿತು.

ಅಜ್ಜಿ ಈಗ ಡಿಸೆಂಬರ್ 24ರ, ಅಂದರೆ ಕ್ರಿಸ್‌ಮಸ್ ಮುನ್ನಾದಿನದ, ರಾತ್ರಿ ಊಟಕ್ಕೆ ಕರೆದಿದ್ದಾರೆ. ಅವತ್ತು 12 ಬಗೆ ಅಡುಗೆ. ಬೀಟ್‌ರೂಟ್ ಸಾರು, ಎಲೆಕೋಸು ಮತ್ತು ಅಣಬೆ ತುಂಬಿದ ಪಿಯೆರೋಗಿ (ಕಡುಬಿನಂಥದ್ದು), ಗಸಗಸೆ ಸಿಹಿ. ಮಾಂಸ ಇಲ್ಲ, ಆದರೆ ಮೀನು ಇರುತ್ತದೆ, ಇಲ್ಲಿ ಮೀನನ್ನು ಮಾಂಸದ ಲೆಕ್ಕಕ್ಕೆ ಸೇರಿಸುವುದಿಲ್ಲ. ಸಸ್ಯಾಹಾರಿಗಳು ಮೊದಲೇ ಬಾಯಿಬಿಟ್ಟು ಹೇಳಿ. ಊಟದ ವಿಡಿಯೋಗೆ ಅಜ್ಜಿ ಒಪ್ಪಿದರೆ ನಿಮಗೂ ತೋರಿಸುತ್ತೇನೆ. ಬೇಡ ಅಂದರೆ ಕ್ಯಾಮೆರಾ ಮನೆಯಲ್ಲೇ ಬಿಟ್ಟು ಹೋಗುತ್ತೇನೆ.