ಇಟಲಿಯ ಹುಳು ಮನೆಗಳು

ನಮಸ್ಕಾರ ಕೇಳುಗರೇ. ರೇಷ್ಮೆ ಹುಳು ಸಾಕಿದವರಿಗೆ ಸುಣ್ಣಕಟ್ಟು ರೋಗ ಗೊತ್ತಿರುತ್ತದೆ. ಸತ್ತ ಹುಳು ಬೆಳ್ಳಗೆ ಬೂಸ್ಟು ಹಿಡಿದು, ಸುಣ್ಣದ ಕಡ್ಡಿಯ ಹಾಗೆ ಗಟ್ಟಿಯಾಗುತ್ತದೆ. ಇಟಲಿಯ ರೈತರು ಇದನ್ನು ಕಾಲ್ಚಿನೊ ಎನ್ನುತ್ತಿದ್ದರು. ಅವರ ಮಾತಿನಲ್ಲಿ ಕಾಲ್ಚೆ ಅಂದರೂ ಸುಣ್ಣವೇ! ಮೊಟ್ಟೆಗೂ ನಮ್ಮಂತೆಯೇ ಬಿತ್ತನೆ ಅಂತಲೇ ಹೆಸರು.

19ನೇ ಶತಮಾನದಲ್ಲಿ ಉತ್ತರ ಇಟಲಿಯ ಲೊಂಬಾರ್ದಿ, ವೆನೆತೊ ಕಡೆ ಹುಳು ಸಾಕೋದು ಮನೆಮಂದಿಯ ಕೆಲಸ. ವಸಂತ ಬಂತೆಂದರೆ ಹೆಂಗಸರು ಮೊಟ್ಟೆಯನ್ನು ಬಟ್ಟೆಚೀಲದಲ್ಲಿ ಕಟ್ಟಿ ಎದೆಯ ಹತ್ತಿರ ಇಟ್ಟುಕೊಳ್ಳುತ್ತಿದ್ದರು. ಮೈ ಬಿಸಿಗೆ ಮರಿ ಹೊರಬರಲಿ ಅಂತ. ಆಮೇಲೆ ಅಡುಗೆಮನೆ ಹುಳುವಿನ ಪಾಲು. ಒಲೆ ಇರುವ ಬೆಚ್ಚನೆಯ ಜಾಗ ಅದು, ಅಲ್ವಾ? ನಾಲ್ಕನೇ ಜ್ವರ, ಅಂದರೆ ಹುಳು ನಾಲ್ಕನೇ ಸಲ ಪೊರೆ ಕಳಚುವುದು, ಕಳೆದ ಮೇಲಂತೂ ಮನೆಯವರಿಗೆ ನಿದ್ದೆಯೇ ಇಲ್ಲ. ಹಗಲು ರಾತ್ರಿ ಸೊಪ್ಪು ಬೇಕು. ಅಲ್ಲಿನ ಹಿಪ್ಪುನೇರಳೆ ಜಾಸ್ತಿ ಹೊಲದಂಚಿನ ಮರ, ಏಣಿ ಹತ್ತಿ ಕೀಳಬೇಕು. ಗೇಣಿ ಮನೆಗಳಲ್ಲಿ ಗೂಡಿನಲ್ಲಿ ಜಮೀನ್ದಾರನಿಗೂ ಪಾಲು. ಆದರೂ ವರ್ಷದಲ್ಲಿ ಮೊದಲು ಕೈಗೆ ಬರುವ ಕಾಸು ಇದೇ.

ಆ ಕಾಸನ್ನೇ ಸುಣ್ಣಕಟ್ಟು ನುಂಗುತ್ತಿತ್ತು. ಲೋಡಿ ಸೀಮೆಯ ಅಗೊಸ್ತಿನೊ ಬಾಸ್ಸಿ ವಕೀಲಿಕೆ ಓದಿದವರು, ಕಣ್ಣು ಮಂಜಾಗುತ್ತಿತ್ತು. ಆದರೂ ವರ್ಷಗಟ್ಟಲೆ ಹುಳುಗಳ ಮುಂದೆ ಕೂತರು. ಈ ರೋಗ ಗಾಳಿಯಿಂದಲ್ಲ, ಕೆಟ್ಟ ಸೊಪ್ಪಿನಿಂದಲ್ಲ, ಒಂದು ಶಿಲೀಂಧ್ರದಿಂದ ಬರುತ್ತದೆ, ಹುಳುವಿನಿಂದ ಹುಳುವಿಗೆ ಹರಡುತ್ತದೆ ಅಂತ 1835ರಲ್ಲಿ ತೋರಿಸಿದರು. ಫ್ರಾನ್ಸಿನ ವಿಜ್ಞಾನಿ ಪಾಶ್ಚರ್‌ಗಿಂತ ಎಷ್ಟೋ ಮೊದಲು! ಪ್ರಾಣಿಗಳ ರೋಗಕ್ಕೆ ಸೂಕ್ಷ್ಮಜೀವಿ ಕಾರಣ ಎಂದು ಮೊದಲು ತಿಳಿದದ್ದು ಹೀಗೆ, ರೈತರ ಹುಳುವಿನಿಂದ. ಇದನ್ನು ನಾವು ಎಷ್ಟು ಹೇಳಿಕೊಂಡರೂ ಕಡಿಮೆ.

ಇಪ್ಪತ್ತು ವರ್ಷದೊಳಗೆ ಹುಳುಗಳಿಗೆ ಗಂಟು ರೋಗ ಎಂಬ ಇನ್ನೊಂದು ಕಾಯಿಲೆ ಬಂತು. ಅದು ಮೊಟ್ಟೆಯೊಳಗೇ ಹೋಗುತ್ತದೆ, ಹಾಗಾಗಿ ಮನೆಯ ಬಿತ್ತನೆಯನ್ನೇ ನಂಬುವಂತಿರಲಿಲ್ಲ. 1860ರ ದಶಕದಲ್ಲಿ ಬಿತ್ತನೆ ವ್ಯಾಪಾರಿಗಳು ಜಪಾನಿಗೆ ಹಡಗು ಹತ್ತಿದರು. ರಟ್ಟಿನ ಹಾಳೆಗೆ ಅಂಟಿದ ಮೊಟ್ಟೆ ದಾರಿಯಲ್ಲೇ ಮರಿಯಾಗದಂತೆ ತಂಪಾಗಿಟ್ಟು ತರಬೇಕಿತ್ತು. ತಾಯಿ ಚಿಟ್ಟೆಯನ್ನು ಸೂಕ್ಷ್ಮದರ್ಶಕದಲ್ಲಿ ನೋಡಿ ಮೊಟ್ಟೆ ಆರಿಸುವ ಪಾಶ್ಚರ್ ವಿಧಾನ ಬಂದ ಮೇಲೆ ಈ ಕಸುಬಿಗೆ ಮತ್ತೆ ಜೀವ ಬಂತು. ಮೊಟ್ಟೆ ತಯಾರಿಸುವ ನಮ್ಮ ಬಿತ್ತನೆ ಕೋಠಿಗಳಲ್ಲೂ ಇವತ್ತಿಗೂ ಅದೇ ಪರೀಕ್ಷೆ.

ಮುಂದೆ ಕೃತಕ ರೇಷ್ಮೆ ಬಂತು, ಜಪಾನಿನ ಅಗ್ಗದ ನೂಲು ಬಂತು, ಹೆಂಗಸರು ಕಾರ್ಖಾನೆಗೆ ಹೋದರು. ಉಳಿದ ಕೆಲವು ಮನೆಗಳಿಗೆ 1980ರ ದಶಕದ ಕೊನೆಯಲ್ಲಿ ಹೊಸ ಏಟು ಬಿತ್ತು. ಹಣ್ಣಿನ ತೋಟಕ್ಕೆ ಸಿಂಪಡಿಸಿದ ಫೆನಾಕ್ಸಿಕಾರ್ಬ್ ಎಂಬ ಕೀಟನಾಶಕ ಗಾಳಿಯಲ್ಲಿ ಹಾರಿ ಸೊಪ್ಪಿನ ಮೇಲೆ ಕೂತಿತು. ಹುಳು ಸಾಯಲಿಲ್ಲ. ಸೊಪ್ಪು ತಿಂದಿತು, ದಪ್ಪಗಾಯಿತು, ಮತ್ತೆ ತಿಂದಿತು. ಆದರೆ ಗೂಡು ಮಾತ್ರ ಕಟ್ಟಲಿಲ್ಲ.