ಒಪ್ಪಿಸುವ ಮಾತಿನ ಇಂಗ್ಲಿಷು

ಕೇಳುಗರಿಗೆ ನಮಸ್ಕಾರ. ಒಬ್ಬರನ್ನು ಒಪ್ಪಿಸುವುದು ಎಂದೊಡನೆ ಹಾಸನದ ನಮ್ಮ ಕಾಲೇಜು ವಿದ್ಯಾರ್ಥಿಗಳಿಗೆ ನೆನಪಾಗುವುದು ಪರ್ಸ್ವೇಡ್ ಎಂಬ ಒಂದೇ ಪದ. ಇಂಗ್ಲಿಷ್ ಮನೆಮಾತಾಗಿರುವವರು ಆಡುವಾಗ ಟಾಕ್ ಇನ್‌ಟು, ಟಾಕ್ ಔಟ್ ಆಫ್, ಬ್ರಿಂಗ್ ರೌಂಡ್, ವಿನ್ ಓವರ್ ಎಂಬ ಫ್ರೇಸಲ್ ವರ್ಬ್‌ಗಳನ್ನು, ಅಂದರೆ ಕ್ರಿಯಾಪದಕ್ಕೆ ಇನ್‌ಟು, ಓವರ್‌ನಂಥ ಪುಟ್ಟ ಪದ ಸೇರಿ ಆದ ಜೋಡಿಪದಗಳನ್ನು, ಧಾರಾಳವಾಗಿ ಬಳಸುತ್ತಾರೆ. ಇವೆಲ್ಲಕ್ಕೂ ಅರ್ಥ ಒಂದೇ ಎಂದು ಗೈಡುಗಳು ಬರೆದುಬಿಡುತ್ತವೆ. ಒಂದೇ ಅಲ್ಲ. ನೀವು ಎದುರಿನವರಿಂದ ಕೆಲಸ ಮಾಡಿಸಿದಿರೋ, ಅವರ ಮನಸ್ಸನ್ನೇ ಗೆದ್ದಿರೋ, ಅಷ್ಟನ್ನು ನೋಡಿಕೊಳ್ಳಿ.

ಸಕಲೇಶಪುರದ ಕಡೆಯ ಕಾಫಿ ಬೆಳೆಗಾರರೊಬ್ಬರ ಮಗ ನನ್ನ ತರಗತಿಯಲ್ಲಿದ್ದ. ತೋಟದ ಅರೇಬಿಕಾ ಕಾಫಿಗೆ ಬಿಳಿ ಕಾಂಡಕೊರಕ ಹುಳು ಹತ್ತಿ, ಎಲೆ ಹಳದಿಯಾಗಿ, ಗಿಡಗಳು ಒಂದೊಂದಾಗಿ ಒಣಗುತ್ತಿದ್ದಾಗ, ಆ ಹುಳು ಸಾಮಾನ್ಯವಾಗಿ ಮುಟ್ಟದ ಇನ್ನೊಂದು ಬಗೆಯ ಕಾಫಿ, ರೋಬಸ್ಟಾ, ಹಾಕೋಣವೆಂದು ಅವನು ತಂದೆಗೆ ಗಂಟುಬಿದ್ದ. ಅರೇಬಿಕಾ ಅವರ ಅಜ್ಜನ ಕಾಲದ್ದು. ಬಹಳ ದಿನ ಜಗ್ಗದಿದ್ದ ತಂದೆಯವರು ಕೊನೆಗೆ, "ಏನಾದರೂ ಮಾಡಿಕೊ ಮಾರಾಯ" ಎಂದು ಒಂದು ಬ್ಲಾಕನ್ನು ಬಿಟ್ಟುಕೊಟ್ಟರು. ಇದನ್ನು ಹುಡುಗ ಪ್ರಬಂಧದಲ್ಲಿ ಹೀಗೆ ಬರೆದ: ಐ ಟಾಕ್ಡ್ ಮೈ ಫಾದರ್ ಟು ಪ್ಲಾಂಟ್ ರೋಬಸ್ಟಾ. ಪರ್ಸ್ವೇಡ್ ಆಗಿದ್ದರೆ ಟು ಪ್ಲಾಂಟ್ ಸರಿಯಿತ್ತು. ಟಾಕ್ ಬಂದರೆ ಇನ್‌ಟು ಬೇಕು, ಇನ್‌ಟು ಆದಮೇಲೆ ಕ್ರಿಯಾಪದಕ್ಕೆ ಐಎನ್‌ಜಿ ಬೇಕು, ಒಪ್ಪಿದ ವ್ಯಕ್ತಿ ಟಾಕ್‌ಗೂ ಇನ್‌ಟುಗೂ ನಡುವೆಯೇ ಕೂರಬೇಕು: ಐ ಟಾಕ್ಡ್ ಮೈ ಫಾದರ್ ಇನ್‌ಟು ಪ್ಲಾಂಟಿಂಗ್ ರೋಬಸ್ಟಾ.

ಗಮನಿಸಿ, ತಂದೆ ಗಿಡ ಹಾಕಿಸಿದರು, ಗೊಣಗುವುದನ್ನು ನಿಲ್ಲಿಸಲಿಲ್ಲ. ಕೆಲಸವಾಯಿತು, ಮನಸ್ಸು ಬದಲಾಗಲಿಲ್ಲ. ಆದ್ದರಿಂದಲೇ ಟಾಕ್ ಇನ್‌ಟು. ಹುಮ್ಮಸ್ಸಿನಲ್ಲಿ ಹುಡುಗ ನೆರಳಿನ ಸಿಲ್ವರ್ ಓಕ್ ಮರಗಳನ್ನೂ ಮಾರಲು ಹೊರಟಾಗ ಅಜ್ಜಿ ಬುದ್ಧಿ ಹೇಳಿ ತಡೆದರು: ಶಿ ಟಾಕ್ಡ್ ಹಿಮ್ ಔಟ್ ಆಫ್ ಸೆಲ್ಲಿಂಗ್ ದ ಟ್ರೀಸ್. ಇಲ್ಲಿಯೂ ಐಎನ್‌ಜಿ, ದಯವಿಟ್ಟು ಮರೆಯಬೇಡಿ. ಫಸಲು ಬಂದ ಮೇಲೆ ಅದೇ ತಂದೆ ಪಕ್ಕದ ತೋಟದವರ ಮುಂದೆ ರೋಬಸ್ಟಾವನ್ನು ಹೊಗಳತೊಡಗಿದರು. ಈಗ ಮನಸ್ಸೇ ತಿರುಗಿತು: ಹಿ ಬ್ರಾಟ್ ಹಿಸ್ ಫಾದರ್ ರೌಂಡ್. ಅಮೆರಿಕದವರು ರೌಂಡ್ ಬದಲು ಅರೌಂಡ್ ಎನ್ನುತ್ತಾರೆ.

ಸಮಯ ಮುಗಿಯುತ್ತಿರುವುದರಿಂದ ಉಳಿದವನ್ನು ಬೇಗ ಹೇಳುತ್ತೇನೆ. ಮಾಡಬಾರದ್ದಕ್ಕೆ ಎತ್ತಿಕಟ್ಟುವುದು ಎಗ್ ಆನ್. ಅದಕ್ಕೂ ಕೋಳಿಮೊಟ್ಟೆಗೂ ಸಂಬಂಧವಿಲ್ಲ, ಅದು ಸ್ಕ್ಯಾಂಡಿನೇವಿಯಾದ ಹಳೆಯ ನಾರ್ಸ್ ಭಾಷೆಯಿಂದ ಬಂದದ್ದು. ಒತ್ತಡ ಹೇರಿ ಮಾಡಿಸುವುದು ಲೀನ್ ಆನ್. ದೂರವಿದ್ದವರ ಒಲವನ್ನೂ ಬೆಂಬಲವನ್ನೂ ಗಳಿಸುವುದು ವಿನ್ ಓವರ್; ಅಭ್ಯರ್ಥಿ ಮತದಾರರನ್ನು ಒಲಿಸಿಕೊಂಡರೆ ಇದೇ ಪದ. ವಿನ್ ಓವರ್ ದ ವೋಟರ್ಸ್, ವಿನ್ ದ ವೋಟರ್ಸ್ ಓವರ್ ಎರಡೂ ನಡೆಯುತ್ತವೆ. ಸರ್ವನಾಮ ಬಂದರೆ ಮಾತ್ರ ವಿನ್ ದೆಮ್ ಓವರ್ ಎಂದೇ ಹೇಳಬೇಕು. ವಿನ್ ಓವರ್ ದೆಮ್ ಎಂದು ಬರೆದರೆ ಅಂಕ ಹೋಗುತ್ತದೆ. ನಮಸ್ಕಾರ.